‘ಕಡಲ ತಳದ ಗಾಯ’ ಲೇಖನದ ಕುರಿತು

ಮಾನ್ಯರೇ,

ನಮ್ಮ ವಿಜ್ಞಾನ ಮಾಸಿಕಕ್ಕೆ ನೀವು ಕಳುಹಿಸಿದ ‘ಕಡಲ ತಳದ ಗಾಯ’ ಲೇಖನವನ್ನು ಎರಡು ಸಲ ಓದಿದೆ. ಭಾರತ ಮತ್ತು ಆಫ್ರಿಕಾಗಳ ನಡುವೆ ನೀರಿನಡಿ ಹಬ್ಬಿರುವ ಕಾರ್ಲ್ಸ್‌ಬರ್ಗ್ ಪರ್ವತಶ್ರೇಣಿಯಂಥ ವಿಷಯವನ್ನು ಎತ್ತಿಕೊಂಡು ನಮಗೆ ಬರೆಯುವವರು ವಿರಳವಾದ್ದರಿಂದ ಅದನ್ನು ಸುಮ್ಮನೆ ಹಿಂದಿರುಗಿಸಲು ಮನಸ್ಸಾಗಲಿಲ್ಲ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲು ಸಾಧ್ಯವಿಲ್ಲ.

ನಿಮ್ಮ ವಾಕ್ಯಗಳಿಗೆ ಓಟವಿದೆ, ತೊಡಕಿರುವುದು ಉಪಮೆಗಳಲ್ಲಿ. ಕಾರಣವನ್ನು ವಿವರಿಸಬೇಕಾದ ಕಡೆಗಳಲ್ಲೆಲ್ಲ ನೀವು ಒಂದು ಉಪಮೆಯನ್ನು ತಂದು ನಿಲ್ಲಿಸಿದ್ದೀರಿ, ಮತ್ತು ಆ ಉಪಮೆ ತಪ್ಪು ಕಾರಣವನ್ನೇ ಹೇಳುತ್ತದೆ. ‘ಗಾಯದಿಂದ ರಕ್ತ ಚಿಮ್ಮುವಂತೆ, ಒಳಗೆ ಕುದಿಯುತ್ತಿರುವ ಶಿಲಾರಸದ ಸಮುದ್ರವು ಭೂಚಿಪ್ಪನ್ನು ಸೀಳಿಕೊಂಡು ಹೊರಬರುತ್ತದೆ’ ಎಂದು ಬರೆದಿದ್ದೀರಿ. ಚಿಪ್ಪಿನ ಕೆಳಗೆ ಅಂಥ ಸಮುದ್ರವಿಲ್ಲ. ದ್ರವದಲ್ಲಿ ಸಾಗಲಾರದ ಭೂಕಂಪದ ಅಡ್ಡ ಅಲೆಗಳು ಚಿಪ್ಪಿನ ಕೆಳಗಿನ ದಪ್ಪ ಪದರವಾದ ಮ್ಯಾಂಟಲ್‌ನ ಮೂಲಕ ಸಾಗಿಬರುತ್ತವೆ. ಅದು ಗಟ್ಟಿ ಬಂಡೆ, ಕೋಟ್ಯಂತರ ವರ್ಷಗಳ ಲೆಕ್ಕದಲ್ಲಷ್ಟೇ ನಿಧಾನವಾಗಿ ಹರಿಯುವ ಬಂಡೆ. ಭೂಮಿಯ ಹೊರಮೈಯ ಎರಡು ಫಲಕಗಳು ಅಗಲಿದ ಜಾಗಕ್ಕೆ ಅದು ಏರಿಬರುತ್ತದೆ, ಏರಿದಂತೆಲ್ಲ ಅದರ ಮೇಲಿನ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಂತೆ ಕರಗುವ ಉಷ್ಣತೆಯೂ ಇಳಿಯುತ್ತದೆ. ಹೀಗೆ ಹೊಸದಾಗಿ ಯಾವ ಶಾಖವೂ ಸೇರದೆ ಆ ಬಂಡೆಯ ಒಂದು ಪಾಲು, ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು, ಕರಗಿ ಬಸಾಲ್ಟ್ ಶಿಲಾರಸವಾಗುತ್ತದೆ. ಉಪಮೆ ಬೇಕೇ ಬೇಕೆಂದಿದ್ದರೆ ಅಡುಗೆಮನೆಯ ಕುಕ್ಕರನ್ನು ನೆನೆಯಿರಿ: ಒತ್ತಡದಲ್ಲಿ ನೂರು ಡಿಗ್ರಿ ದಾಟಿಯೂ ತಡೆದುಕೊಂಡಿರುವ ನೀರು, ಒತ್ತಡ ತಟ್ಟನೆ ಇಳಿದಾಗ ಅದೇ ಬಿಸಿಯಲ್ಲಿ ಕುದಿದೇಳುತ್ತದೆ. ಮ್ಯಾಂಟಲ್ ನೀರಿನಂತೆ ದ್ರವವಲ್ಲ ಎಂಬುದನ್ನು ಮಾತ್ರ ಕೂಡಲೇ ಸೇರಿಸಬೇಕು.

ಇಷ್ಟು ತಿದ್ದಿದರೆ ‘ಸೀಳಿಕೊಂಡು’ ಎಂಬ ಮಾತೂ ಬಿದ್ದುಹೋಗುತ್ತದೆ. ಶಿಲಾರಸವು ಬೆಣೆಯಂತೆ ಫಲಕಗಳನ್ನು ನೂಕುತ್ತದೆ ಎಂಬುದು ನಿಮ್ಮ ಇಡೀ ಲೇಖನದ ಒಳನಂಬಿಕೆ. ತಣ್ಣಗಾಗಿ ಭಾರವಾದ ಫಲಕದ ಅಂಚು ದೂರದ ಕಂದಕಗಳಲ್ಲಿ ಮುಳುಗುತ್ತಾ ಉಳಿದ ಭಾಗವನ್ನು ಎಳೆಯುವುದೇ ಫಲಕಗಳ ಚಲನೆಯ ಮುಖ್ಯ ಬಲವೆಂಬುದು ಇಂದಿನ ತಿಳಿವಳಿಕೆ; ಶ್ರೇಣಿಯ ಎತ್ತರದಿಂದ ಎರಡು ಬದಿಗೆ ಜಾರುವ ಬಲ ಅದಕ್ಕಿಂತ ಚಿಕ್ಕದು. ಬಾಗಿಲು ತೆರೆದದ್ದಕ್ಕೆ ಶಿಲಾರಸ ಒಳಬರುತ್ತದೆಯೇ ಹೊರತು, ಬಾಗಿಲನ್ನು ಒಡೆದದ್ದು ಅದಲ್ಲ.

ಶ್ರೇಣಿ ಎತ್ತರವಾಗಿರುವುದು ‘ಯುಗಯುಗಗಳಿಂದ ಲಾವಾ ಪೇರಿಸಿಕೊಂಡದ್ದರಿಂದ’ ಎಂಬ ಮಾತೂ ಸಲ್ಲದು. ಅಲ್ಲಿನ ಬಂಡೆ ಬಿಸಿಯಾಗಿ, ಹಿಗ್ಗಿ, ಹಗುರವಾಗಿರುವುದರಿಂದ ಎತ್ತರದಲ್ಲಿ ನಿಂತಿದೆ. ಶ್ರೇಣಿಯ ನೆತ್ತಿ ಸಾಮಾನ್ಯವಾಗಿ ನೀರಿನಡಿ ಸುಮಾರು 2,500 ಮೀಟರ್ ಆಳದಲ್ಲಿದ್ದರೆ, ಅಲ್ಲೇ ಹುಟ್ಟಿ ಎರಡೂವರೆ ಕೋಟಿ ವರ್ಷ ದೂರ ಸರಿದ ತಳವು ತಣಿದು ಕುಗ್ಗಿ 4,200 ಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಈ ಒಂದು ಸಂಗತಿ ನಿಮ್ಮ ಎರಡು ಪುಟಗಳ ವರ್ಣನೆಗಿಂತ ಹೆಚ್ಚಿನದನ್ನು ಓದುಗರಿಗೆ ಕೊಡುತ್ತದೆ.

ನಿಮ್ಮ ಬರಹದಲ್ಲಿ ನನಗೆ ನಿಜಕ್ಕೂ ಹಿಡಿಸಿದ್ದು 1962ರ ಪ್ರಸಂಗ. ಎಚ್‌ಎಂಎಸ್ ಓವೆನ್ ಹಡಗಿನಿಂದ ಭೂವಿಜ್ಞಾನಿ ಡ್ರಮಂಡ್ ಮ್ಯಾಥ್ಯೂಸ್ ಇದೇ ಕಾರ್ಲ್ಸ್‌ಬರ್ಗ್ ಶ್ರೇಣಿಯ ಮೇಲೆ ಕಾಂತೀಯ ಅಳತೆಗಳನ್ನು ಮಾಡಿದರು. ಅವನ್ನು ಆಧರಿಸಿ ಕೇಂಬ್ರಿಡ್ಜಿನಲ್ಲಿ ಅವರ ವಿದ್ಯಾರ್ಥಿಯಾಗಿದ್ದ ಫ್ರೆಡ್ ವೈನ್ ಅವರೊಡನೆ 1963ರಲ್ಲಿ ಪ್ರಕಟಿಸಿದ ಪ್ರಬಂಧ, ಸಾಗರತಳ ಹರಡುತ್ತಿದೆ ಎಂಬ ಊಹೆಗೆ ಪರೀಕ್ಷಿಸಬಹುದಾದ ರೂಪ ಕೊಟ್ಟಿತು. ಇಷ್ಟು ದೊಡ್ಡ ಸಂಗತಿಯನ್ನು ನೀವು ಮೂರು ಸಾಲಿನಲ್ಲಿ ಮುಗಿಸಿದ್ದೀರಿ. ಇಲ್ಲಿ ನಿಲ್ಲಿ, ಓದುಗರ ಕೈಗೆ ಲೆಕ್ಕ ಕೊಡಿ. ಶಿಲಾರಸ ತಣಿದು ಬಂಡೆಯಾಗುವಾಗ ಆಗಿನ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಭೂಮಿಯ ಕಾಂತಕ್ಷೇತ್ರ ಕೊನೆಯ ಬಾರಿ ಉತ್ತರ-ದಕ್ಷಿಣ ಅದಲುಬದಲಾಗಿ ತಿರುಗಿದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಈ ಶ್ರೇಣಿ ವರ್ಷಕ್ಕೆ ಎರಡೂವರೆ ಸೆಂಟಿಮೀಟರಿನಂತೆ ಅಗಲುತ್ತಿದೆ ಎಂದಿಟ್ಟುಕೊಂಡರೆ, ಇಂದಿನ ದಿಕ್ಕಿನಲ್ಲೇ ಕಾಂತತೆ ಹೊತ್ತ ನಡುವಣ ಪಟ್ಟೆ ಹತ್ತಿರ ಹತ್ತಿರ 20 ಕಿಲೋಮೀಟರ್ ಅಗಲವಿರಬೇಕು, ನಡುಗೆರೆಯ ಒಂದೊಂದು ಬದಿಗೆ ಸುಮಾರು ಹತ್ತು.

ನಕ್ಷೆಯಲ್ಲಿ ಶ್ರೇಣಿಯ ತುಂಡುಗಳನ್ನು ಜೋಡಿಸುವ ಅಡ್ಡ ಸ್ತರಭಂಗಗಳ (ಫಲಕಗಳು ಒಂದರ ಪಕ್ಕ ಒಂದು ಜರುಗುವ ಬಿರುಕುಗಳ) ಬಾಣಗಳು ತಿರುವುಮುರುವಾಗಿವೆ. ಕೆನಡಾದ ಭೂವಿಜ್ಞಾನಿ ಟ್ಯೂಜೊ ವಿಲ್ಸನ್ 1965ರಲ್ಲಿ ತೋರಿಸಿದಂತೆ, ಎರಡು ತುಂಡುಗಳ ನಡುವಿನ ಜರುಗುವಿಕೆ ಕಣ್ಣಿಗೆ ಕಾಣುವ ಪಲ್ಲಟಕ್ಕೆ ವಿರುದ್ಧ ದಿಕ್ಕಿನದು.

ಇನ್ನು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದ ಆ ಬಂಡೆಗಳನ್ನು ನೀವು ‘ಕರ್ನಾಟಕದಲ್ಲೂ ಸಾಗರಮಧ್ಯ ಶ್ರೇಣಿಯಿತ್ತೆಂಬುದಕ್ಕೆ ಸಾಕ್ಷಿ’ ಎಂದಿದ್ದೀರಿ. ದಿಂಬಿನ ಆಕಾರ ಹೇಳುವುದು ಲಾವಾ ನೀರಿನಲ್ಲಿ ಹೊಮ್ಮಿತೆಂಬುದನ್ನು ಮಾತ್ರ. ಯಾವ ಬಗೆಯ ಜಲರಾಶಿ, ಶ್ರೇಣಿಯೋ ದ್ವೀಪಮಾಲೆಯೋ ಎಂಬುದನ್ನು ಅದೊಂದೇ ಹೇಳಲಾರದು. ಹಾಗೆಂದು ಆ ಭಾಗವನ್ನು ಕೈಬಿಡಬೇಡಿ. ನೀರು ತಾಗಿದೊಡನೆ ಲಾವಾದ ಮೈ ಹೆಪ್ಪುಗಟ್ಟಿ ಗಾಜಿನಂಥ ಸಿಪ್ಪೆಯಾಗುತ್ತದೆ, ಒಳಗಿನ ಬಿಸಿರಸ ಸಿಪ್ಪೆಯನ್ನು ಬಿರಿದು ಪಕ್ಕದಲ್ಲಿ ಇನ್ನೊಂದು ದಿಂಬಾಗಿ ಉಬ್ಬುತ್ತದೆ. ಮೇಲೆ ಬಿದ್ದದ್ದು ಇನ್ನೂ ಮೆತ್ತಗಿರುವಾಗಲೇ ಕೆಳಗಿನ ಎರಡು ದಿಂಬುಗಳ ಸಂದಿಗೆ ಜಗ್ಗಿ ಚೂಪಾಗುತ್ತದೆ. ಆದ್ದರಿಂದ ಉಬ್ಬಿದ ಬೆನ್ನು ಯಾವ ಕಡೆ, ಚೂಪು ಬಾಲ ಯಾವ ಕಡೆ ಎಂದು ನೋಡಿಯೇ ಪದರ ಎಷ್ಟು ವಾಲಿದರೂ ಹಿಂದೆ ಅದರ ಮೇಲ್ಮುಖ ಯಾವುದಾಗಿತ್ತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಇಂದು ಕಾರ್ಲ್ಸ್‌ಬರ್ಗ್ ಶ್ರೇಣಿಯ ಕಣಿವೆಯಲ್ಲಿ, ಬೆಳಕಿಲ್ಲದ ಆಳದಲ್ಲಿ ಲಾವಾ ಹೀಗೆಯೇ ದಿಂಬುಗಟ್ಟುತ್ತದೆ. ಅಲ್ಲಿಗೆ ಓದುಗರನ್ನು ಕರೆದೊಯ್ಯಲು ನಮಗಿರುವ ಹತ್ತಿರದ ದಾರಿ ಮರಡಿಹಳ್ಳಿಯೇ.

ಲೇಖನವನ್ನು ಆ ಬಂಡೆಯ ಮುಂದೆ ನಿಂತು ಆರಂಭಿಸಿ, ಮೊದಲ ಎರಡು ಪುಟಗಳನ್ನು ತೆಗೆದುಹಾಕಿ, ಮತ್ತೆ ಕಳುಹಿಸಿ, ನಾನೇ ಓದುತ್ತೇನೆ. ಅಲ್ಲಿಗೆ ಹೋದಾಗ ಅಳತೆ ತಿಳಿಯುವಂತೆ ಒಂದು ದಿಂಬಿನ ಪಕ್ಕ ಪೆನ್ನಿಟ್ಟು, ಬಾಲದ ಭಾಗ ಸ್ಪಷ್ಟವಾಗಿ ಕಾಣುವ ಹಾಗೆ ಫೋಟೋ ತೆಗೆಯಿರಿ. ಸ್ಮಾರಕವಾದ್ದರಿಂದ ಸುತ್ತಿಗೆಯನ್ನು ಮನೆಯಲ್ಲೇ ಬಿಟ್ಟುಹೋಗಿ.

ವಿಶ್ವಾಸದಿಂದ,
ಸಂಪಾದಕ