ಐಸಿಯು ಬಾಗಿಲಲ್ಲಿ ಸಹಿ ಕೇಳಿದಾಗ

ಪ್ರಶ್ನೆ: ಗದ್ದೆಗೆ ಇಳಿದಿದ್ದ ಅಪ್ಪನಿಗೆ ಇಲಿಜ್ವರ ಬಂದು, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಹಾಕಿದ್ದರು. ಎರಡು ಬಗೆಯ ಡ್ರಿಪ್‌ಗಳನ್ನು ಹೋಲಿಸುವ ಅಧ್ಯಯನಕ್ಕೆ ನನ್ನ ಸಹಿ ಕೇಳಿದರು. ಯಾವ ಡ್ರಿಪ್ ಎಂಬುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ಆರಿಸುತ್ತದಂತೆ. ಹೆದರಿ ಒಪ್ಪಲಿಲ್ಲ. ಅಪ್ಪ ಗುಣವಾಗಿ ಮನೆಗೆ ಬಂದಿದ್ದಾರೆ. ನಾನು ಮಾಡಿದ್ದು ಸರಿಯೇ ಡಾಕ್ಟರೇ?
– ಓದುಗರು, ಕಾರ್ಕಳ

ಉತ್ತರ: ತಂದೆಯವರು ಮನೆ ಸೇರಿದ್ದು ಓದಿ ತುಂಬಾ ಸಂತೋಷವಾಯಿತು. ಒಪ್ಪದಿರುವುದು ನಿಮ್ಮ ಹಕ್ಕು. ಅದಕ್ಕಾಗಿ ಚಿಕಿತ್ಸೆಯಲ್ಲಿ ಯಾರೂ ಕೊರತೆ ಮಾಡುವಂತಿಲ್ಲ.

ಆದರೆ ಆ ಚೀಟಿಗೆ ಹೆದರಬೇಡಿ. ಐಸಿಯು ರೋಗಿಗಳ ರಕ್ತದ ಸಕ್ಕರೆಯನ್ನು ಇನ್ಸುಲಿನ್ ಕೊಟ್ಟು 81ರಿಂದ 108ರೊಳಗೆ ಬಿಗಿಯಾಗಿ ಹಿಡಿದರೆ ಜೀವ ಉಳಿಯುತ್ತದೆಂದು ಹಿಂದೆ ಅನೇಕ ವೈದ್ಯರು ನಂಬಿದ್ದರು. ಆರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಹೀಗೆಯೇ ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದ ನೈಸ್-ಶುಗರ್ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಬಿಗಿ ಹಿಡಿದವರಲ್ಲಿ 90 ದಿನಗಳೊಳಗೆ ತೀರಿಕೊಂಡವರು ಶೇ 27.5, ಸಕ್ಕರೆಯನ್ನು 180ರವರೆಗೆ ಬಿಟ್ಟವರಲ್ಲಿ ಶೇ 24.9. ಒಳ್ಳೆಯದೆಂದುಕೊಂಡದ್ದೇ ಜೀವ ತೆಗೆಯುತ್ತಿತ್ತು! ಕೋವಿಡ್ ಕಾಲದಲ್ಲಿ ಪ್ಲಾಸ್ಮಾ (ಗುಣವಾದವರ ರಕ್ತದ ದ್ರವಭಾಗ) ದಾನಿಗಳಿಗಾಗಿ ಮನೆಯವರು ಅಲೆದಾಡಿದ್ದು ನೆನಪಿರಬಹುದು. ಅದರಿಂದ ಸಾವು ತಗ್ಗುವುದಿಲ್ಲವೆಂದು ತೋರಿಸಿದ್ದು ನಮ್ಮದೇ ದೇಶದ 39 ಆಸ್ಪತ್ರೆಗಳಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸಿದ ಅಧ್ಯಯನ.

ಆಯ್ಕೆಯನ್ನು ವೈದ್ಯರಿಗೇ ಬಿಟ್ಟರೆ ಹೆಚ್ಚು ನರಳುವವರಿಗೆ ತಮಗೆ ನಂಬಿಕೆಯಿರುವ ಔಷಧವನ್ನೇ ಕೊಡುತ್ತಾರೆ. ಆಗ ಗುಣ ಯಾವುದರದೆಂದು ತಿಳಿಯದು. ಇಂತಹ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಹೋಲಿಸುವುದು ಈಗಾಗಲೇ ಬಳಕೆಯಲ್ಲಿರುವ ದ್ರವಗಳನ್ನೇ, ಅಂದರೆ ಸಲೈನ್ ಮತ್ತು ರಿಂಗರ್ ಲ್ಯಾಕ್ಟೇಟ್‌ನಂಥವನ್ನು. ನೀವು ಸಹಿ ಹಾಕದಿದ್ದರೂ ಅವುಗಳಲ್ಲೊಂದನ್ನು ಏರಿಸಿಯೇ ಇರುತ್ತಾರೆ.

ನನ್ನ ಆಕ್ಷೇಪ ಬೇರೆ. ವೆಂಟಿಲೇಟರ್ ಸದ್ದು ಕಿವಿಯಲ್ಲಿರುವಾಗ, ಬಾಗಿಲಲ್ಲಿ ನಿಲ್ಲಿಸಿ ಐದು ನಿಮಿಷದಲ್ಲಿ ಪಡೆದ ಸಹಿ ಒಪ್ಪಿಗೆಯಲ್ಲ. ಕುಳ್ಳಿರಿಸಿ ಹೇಳಬೇಕು. ನಿಮ್ಮ ಅಮ್ಮನಿಗೆ ತುಳುವಿನಲ್ಲಿ ಹೇಳಿದರೆ ಅರ್ಥವಾಗುತ್ತದೆಂದಾದರೆ ತುಳುವಿನಲ್ಲೇ ಹೇಳಬೇಕು. ಓದಲು ಬಾರದವರಿದ್ದರೆ ಅಧ್ಯಯನಕ್ಕೆ ಸಂಬಂಧಿಸದ ಸಾಕ್ಷಿಯೊಬ್ಬರು ಜೊತೆಗಿರಬೇಕು. ಅಧ್ಯಯನ ರೋಗಿಗಳಿಗೆ ಸುರಕ್ಷಿತವೇ, ನ್ಯಾಯವೇ ಎಂದು ನೋಡುವ ನೈತಿಕ ಸಮಿತಿಯ ಅನುಮತಿ ಇದೆಯೇ, ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡುತ್ತೀರಾ, ಯಾರಿಗೆ ಫೋನ್ ಮಾಡಬೇಕು ಎಂದು ಧೈರ್ಯವಾಗಿ ಕೇಳಿ. ಮಾಹಿತಿ ಪತ್ರದ ಪ್ರತಿಯನ್ನು ಮನೆಗೆ ತನ್ನಿ.

ಇನ್ನೊಂದು ವಿಷಯ ಅನೇಕರಿಗೆ ತಿಳಿದಿಲ್ಲ. ಮಕ್ಕಳು ಸಹಿ ಹಾಕಿದ್ದರೂ, ರೋಗಿಗೆ ಎಚ್ಚರವಾಗಿ ಮಾತು ತಿಳಿಯುವಂತಾದ ಮೇಲೆ ಅವರನ್ನೇ ಕೇಳಬೇಕು. ಅವರು ಬೇಡವೆಂದರೆ ಅಧ್ಯಯನದಿಂದ ಅವರನ್ನು ಬಿಡಬೇಕು.