ಕೋಬ್ರಾ ಪ್ರತಿಕೃತಿ ಕಾರಿಗೆ 15 ಅಂಗುಲದ ಟೈರೋ 17 ಅಂಗುಲದ್ದೋ? ಬಾಗಿಲಿನ ಸಂದು ಸರಿಪಡಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಬೇರೊಬ್ಬರು ಅರ್ಧ ಕಟ್ಟಿ ಬಿಟ್ಟಿದ್ದ ಕೋಬ್ರಾ ಪ್ರತಿಕೃತಿಯೊಂದನ್ನು (1960ರ ದಶಕದ ಶೆಲ್ಬಿ ಕೋಬ್ರಾ ಎಂಬ ಸ್ಪೋರ್ಟ್ಸ್ ಕಾರಿನ ನಕಲು) ನೀವು ಅಮೆರಿಕದ ಮಿಷಿಗನ್‌ನಲ್ಲಿ ಕೊಂಡಿದ್ದೀರಿ. ಜೊತೆಗೆ ಬಂದಿರುವ 15 ಅಂಗುಲದ ಚಕ್ರಗಳ ಟೈರುಗಳ ಮೇಲೆ 2311 ಎಂಬ ಅಂಕಿ ಇದೆ, ರಸ್ತೆಗೆ ತಾಗುವ ರಬ್ಬರಿನ ಗುಂಡಿಗಳು ಸವೆದಿಲ್ಲ. ಎಡಗಡೆಯ ಹಿಂಚಕ್ರ ಅದರ ಮೇಲಿನ ಬಾಡಿಯ ಕಮಾನಿನ ನಡುವೆ ನಿಲ್ಲದೆ ಸುಮಾರು 12 ಮಿ.ಮೀ. ಮುಂದಕ್ಕೆ ಕೂತಿದೆ. ಎರಡೂ ಬಾಗಿಲುಗಳ ಹಿಂದಿನ ಅಂಚಿನಲ್ಲಿ ಸಂದು ಕೆಳಗೆ 3 ಮಿ.ಮೀ., ಮೇಲೆ 9 ಮಿ.ಮೀ. ಇದೆ. ಟೈರು ಮೊದಲೋ ಬಾಡಿ ಮೊದಲೋ ಎಂದು ಕೇಳಿದ್ದೀರಿ.

ಟೈರು ಮೊದಲು. ನಾನೂ ಇದೇ ರಾಜ್ಯದಲ್ಲಿ, ಮನೆಯ ಗ್ಯಾರೇಜಿನಲ್ಲಿ ಇಂಥದೇ ಕಾರನ್ನು ಕಟ್ಟಿದವನು. ಚಾಸಿಯನ್ನು, ಅಂದರೆ ಕಾರಿನ ಅಡಿಚೌಕಟ್ಟನ್ನು, ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿಕೊಂಡು ವಾರಗಟ್ಟಲೆ ಬಾಗಿಲಿನ ಸಂದುಗಳನ್ನು ತಿದ್ದಿದ್ದೆ. ಆಮೇಲೆ ಎಂಜಿನ್, ಸೀಟು, ಇಂಧನದ ಟ್ಯಾಂಕು ಎಲ್ಲ ಕೂರಿಸಿ ಕಾರನ್ನು ನೆಲಕ್ಕಿಳಿಸಿದಾಗ ಎಡಬಾಗಿಲಿನ ಮೇಲಿನ ಸಂದು 2 ಮಿ.ಮೀ. ಅಗಲವಾಗಿತ್ತು, ಹಿಂದಿನ ಕಮಾನು ಟೈರಿನ ಮೇಲೆ ನಾನು ಅಂದುಕೊಂಡದ್ದಕ್ಕಿಂತ ಒಂದು ಬೆರಳು ಎತ್ತರದಲ್ಲಿತ್ತು. ಕಾರು ತನ್ನ ಪೂರ್ತಿ ತೂಕದೊಂದಿಗೆ, ಮುಂದೆ ರಸ್ತೆಯಲ್ಲಿ ಬಳಸುವ ಟೈರುಗಳ ಮೇಲೆಯೇ ನಿಂತಾಗ ಮಾತ್ರ ಬಾಡಿಯ ಅಳತೆಗೆ ಅರ್ಥವಿರುತ್ತದೆ ಎಂಬುದು ನನಗೆ ಆಗ ಮನದಟ್ಟಾಯಿತು. ಆದ್ದರಿಂದ ನಿಮ್ಮ ಎರಡು ಪ್ರಶ್ನೆಗಳನ್ನು ನಾನು ಒಂದೇ ಕೆಲಸದ ಎರಡು ಹಂತಗಳೆಂದು ನೋಡುತ್ತೇನೆ.

ಮೊದಲು ನಿಮ್ಮಲ್ಲಿರುವ ಟೈರುಗಳ ವಿಚಾರ. 2311 ಎಂದರೆ 2011ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು. ಇಂಥ ಕಾರುಗಳು ವರ್ಷಕ್ಕೆ ಓಡುವುದೇ ಕಡಿಮೆಯಾದ್ದರಿಂದ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಗುಂಡಿಗಳು ಹೊಸದರಂತೆ ಕಂಡರೂ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ, ಒಳಗಿನ ಪದರಗಳ ಅಂಟೂ ದುರ್ಬಲವಾಗಿರುತ್ತದೆ. ಹಲವು ಕಾರು ತಯಾರಕರು 6 ವರ್ಷಕ್ಕೇ ಟೈರು ಬದಲಿಸಲು ಹೇಳುತ್ತಾರೆ, ಟೈರು ತಯಾರಕರು ಹಾಕುವ ಕೊನೆಯ ಗಡುವು ಸಾಮಾನ್ಯವಾಗಿ 10 ವರ್ಷ. ಸುಮಾರು 1,050 ಕಿಲೋ ತೂಕದ ಕಾರಿಗೆ ಎಂಟು ಸಿಲಿಂಡರಿನ ದೊಡ್ಡ ವಿ8 ಎಂಜಿನ್ ಕೂರಿಸಿ ಆ ಟೈರುಗಳ ಮೇಲೆ ರಸ್ತೆಗಿಳಿಯಬೇಡಿ. ಗ್ಯಾರೇಜಿನೊಳಗೆ ಕಾರನ್ನು ತಳ್ಳಲು ಮಾತ್ರ ಅವನ್ನು ಇಟ್ಟುಕೊಳ್ಳಿ.

ಇನ್ನು 15 ಮತ್ತು 17ರ ಆಯ್ಕೆ. ಕೋಬ್ರಾವನ್ನು ರೂಪಿಸಿದ ಕ್ಯಾರಲ್ ಶೆಲ್ಬಿಯವರ ಮೂಲ 427 ಮಾದರಿಯ ಕಾರುಗಳು ಓಡಿದ್ದು 15 ಅಂಗುಲದ ಚಕ್ರಗಳ ಮೇಲೆ. ಅದರ ರೇಸಿಗೆ ಹತ್ತಿರದ ಎಸ್/ಸಿ ಮಾದರಿಯಲ್ಲಿ ಚಕ್ರದ ಅಗಲ ಮುಂದೆ 7.5, ಹಿಂದೆ 9.5 ಅಂಗುಲ. ಟೈರಿನ ದಪ್ಪ ಪಕ್ಕೆ ಆ ಕಾರಿನ ಉಬ್ಬಿದ ಕಮಾನುಗಳನ್ನು ತುಂಬಿ ನಿಲ್ಲುವ ಅಂದವೇ ಬೇರೆ, ಅದನ್ನು ಬಯಸುವವರನ್ನು ನಾನು ಪೂರ್ತಿ ಗೌರವಿಸುತ್ತೇನೆ. ಆದರೆ ಇಂದು 15 ಅಂಗುಲದಲ್ಲಿ ಅಷ್ಟು ಅಗಲದ ಒಳ್ಳೆಯ ಟೈರುಗಳು ಕೆಲವೇ ಕೆಲವು. ಸುಲಭವಾಗಿ ಸಿಗುವುದು ಬಿಎಫ್‌ಗುಡ್‌ರಿಚ್ ರೇಡಿಯಲ್ ಟಿ/ಎ. ಮುಂದೆ 235/60 ಆರ್ 15, ಹಿಂದೆ 295/50 ಆರ್ 15 ಹಾಕಿದರೆ ನೋಟ ಸರಿಹೋಗುತ್ತದೆ (ಮೊದಲ ಅಂಕಿ ಟೈರಿನ ಅಗಲ ಮಿ.ಮೀ.ಗಳಲ್ಲಿ, ಎರಡನೆಯದು ಪಕ್ಕೆಯ ಎತ್ತರ ಅಗಲದ ಶೇಕಡಾ ಎಷ್ಟೆಂದು, ಕೊನೆಯದು ಚಕ್ರದ ವ್ಯಾಸ ಅಂಗುಲಗಳಲ್ಲಿ). ಆದರೆ ಅದರ ವೇಗದ ದರ್ಜೆ ‘ಎಸ್’, ಅಂದರೆ ಗಂಟೆಗೆ 180 ಕಿ.ಮೀ., ಸವೆತದ ಅಂಕ (ಹೆಚ್ಚಿದ್ದಷ್ಟೂ ಟೈರು ನಿಧಾನವಾಗಿ ಸವೆಯುತ್ತದೆ) 400. ಹೆಚ್ಚು ಬಾಳಿಕೆಗಾಗಿ ಮಾಡಿದ ಗಟ್ಟಿ ರಬ್ಬರದು. ಈ ಕಾರಿನ ಶಕ್ತಿಗೆ ಬೇಕಾದ ಹಿಡಿತವನ್ನು, ವಿಶೇಷವಾಗಿ ಒದ್ದೆ ರಸ್ತೆಯಲ್ಲಿ, ಅದು ಕೊಡುವುದಿಲ್ಲ.

17 ಅಂಗುಲಕ್ಕೆ ಹೋದರೆ ಸವೆತದ ಅಂಕ 200ರಿಂದ 300ರ ಆಸುಪಾಸಿನ ಬೇಸಿಗೆ ಟೈರುಗಳಲ್ಲಿ ಆಯ್ದುಕೊಳ್ಳುವಷ್ಟು ಬಗೆಗಳಿವೆ. ಬ್ರೇಕಿನ ಲೆಕ್ಕವನ್ನೂ ಮರೆಯಬೇಡಿ. ನಿಮ್ಮ ಕಾರಿಗೆ ಹಿಂದಿನವರು 13 ಅಂಗುಲದ ಡಿಸ್ಕ್ ಹಾಕಿದ್ದರೆ 15 ಅಂಗುಲದ ಚಕ್ರ ಅದರ ಮೇಲೆ ಕೂರುವುದೇ ಇಲ್ಲ. ಹಾಗಾಗಿ ಏನನ್ನಾದರೂ ಕೊಳ್ಳುವ ಮೊದಲು ಡಿಸ್ಕನ್ನು ಅಳೆಯಿರಿ.

ಓಡಿಸಲೆಂದೇ ಕಟ್ಟುತ್ತಿರುವಿರಾದರೆ ನನ್ನ ಸಲಹೆ ಮುಂದೆ 245/45 ಆರ್ 17, ಹಿಂದೆ 275/40 ಆರ್ 17. ಹಿಂದೆ 315/35 ಹಾಕುವ ರೂಢಿ ಬಹಳ ಇದೆ, ನೋಡಲು ಅದು ಭರ್ಜರಿಯಾಗಿಯೂ ಇದೆ. ಆದರೆ ಇಷ್ಟು ಹಗುರವಾದ ಕಾರಿನ ತೂಕ ಅಷ್ಟು ಅಗಲಕ್ಕೆ ಹರಡಿಹೋದಾಗ ನಿಂತ ನೀರಿನ ಮೇಲೆ ಟೈರು ಬೇಗ ತೇಲುತ್ತದೆ, ತಂಪು ಹೊತ್ತಿನಲ್ಲಿ ಬಿಸಿಯೇರುವುದೂ ಕಷ್ಟ. ಈ ಮೂರೂ ಅಳತೆಗಳ ಎತ್ತರ ಹೆಚ್ಚುಕಡಿಮೆ 652 ಮಿ.ಮೀ. ಆಗಿರುವುದರಿಂದ ಮುಂದೊಂದು ದಿನ ಮನಸ್ಸು ಬದಲಿಸಿ 315ಕ್ಕೆ ಹೋದರೂ ಬಾಡಿಯ ಎತ್ತರದ ಲೆಕ್ಕ ಕೆಡುವುದಿಲ್ಲ. 295/50 ಆರ್ 15ರ ಎತ್ತರವಾದರೋ 676 ಮಿ.ಮೀ. ಇದರಿಂದ ಕಾರು ಹಿಂದೆ 12 ಮಿ.ಮೀ. ಮೇಲೇಳುತ್ತದೆ, 652ಕ್ಕೆ ಹೊಂದಿಸಿದ ವೇಗಮಾಪಕ 100 ತೋರಿಸುವಾಗ ನಿಜವಾದ ವೇಗ ಸುಮಾರು 104 ಆಗಿರುತ್ತದೆ. ಟೈರು ನಿರ್ಧಾರವಾಗದೆ ಬಾಡಿಗೆ ಕೈಹಾಕಬಾರದೆಂದು ನಾನು ಒತ್ತಿ ಹೇಳುವುದು ಈ 12 ಮಿ.ಮೀ. ಕಾರಣಕ್ಕೇ.

ಗಾಳಿಯ ಒತ್ತಡದಲ್ಲಿ ತಪ್ಪುವವರು ಬಹಳ. ಟೈರಿನ ಪಕ್ಕೆಯ ಮೇಲೆ ಅಚ್ಚಾದ ಅಂಕಿ ಗರಿಷ್ಠ ಮಿತಿ, ತುಂಬಬೇಕಾದ ಅಳತೆಯಲ್ಲ. ಈ ತೂಕಕ್ಕೆ 22ರಿಂದ 26 ಪಿಎಸ್‌ಐ ನಡುವೆ ಆರಂಭಿಸಿ, ಟೈರಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು ಸ್ವಲ್ಪ ದೂರ ನೇರವಾಗಿ ಓಡಿಸಿ. ನಡುವೆ ಮಾತ್ರ ಅಳಿಸಿಹೋದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದರೆ ಕಡಿಮೆ. ಬೇಸಿಗೆ ಟೈರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗುತ್ತದೆ. ನಮ್ಮ ಕಡೆಯ ನವೆಂಬರ್ ಬೆಳಗಿನಲ್ಲಿ ಅದನ್ನು ನಂಬಬೇಡಿ.

ಈಗ ಬಾಡಿ. ಹೊಸ ಟೈರುಗಳ ಮೇಲೆ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಎಂಜಿನ್, ಗೇರ್‌ಬಾಕ್ಸ್, ಅರ್ಧ ಟ್ಯಾಂಕಿನಷ್ಟು ತೂಕ, ಚಾಲಕನ ಜಾಗದಲ್ಲಿ ನಿಮ್ಮಷ್ಟೇ ತೂಕದ ಮರಳಿನ ಚೀಲಗಳು, ಎಲ್ಲವೂ ಇರಲಿ. ಚಾಸಿಯ ಎತ್ತರವನ್ನು ಸ್ಪ್ರಿಂಗುಗಳಲ್ಲಿ ಅಂತಿಮ ಅಳತೆಗೆ ತಂದು, ಕಾರನ್ನು ಹಿಂದೆ ಮುಂದೆ ಕೆಲವು ಅಡಿ ತಳ್ಳಿ, ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂರಲು ಬಿಡಿ.

ಎಡ ಹಿಂಚಕ್ರದ 12 ಮಿ.ಮೀ. ದೋಷ ಬಾಡಿಯದೋ ಆಕ್ಸಲಿನದೋ ಎಂದು ತಿಳಿಯದೆ ಯಾವ ಬೋಲ್ಟನ್ನೂ ಸಡಿಲಿಸಬೇಡಿ. ಈ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ಮಧ್ಯಬಿಂದುಗಳ ಅಂತರ 90 ಅಂಗುಲ, ಅಂದರೆ 2,286 ಮಿ.ಮೀ. ಮುಂಚಕ್ರಗಳನ್ನು ನೇರವಾಗಿರಿಸಿ, ಗಾರೆ ಕೆಲಸದವರ ತೂಗುಗುಂಡಿನಿಂದ ನಾಲ್ಕೂ ಚಕ್ರಗಳ ಮಧ್ಯವನ್ನು ನೆಲಕ್ಕೆ ಇಳಿಸಿ ಗುರುತು ಮಾಡಿ, ಎಡ ಬಲ ಎರಡೂ ಕಡೆ ಅಳೆಯಿರಿ, ಮೂಲೆಯಿಂದ ಮೂಲೆಗೂ ಅಳೆಯಿರಿ. ಎಡ ಬಲಗಳ ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ಆಕ್ಸಲ್ ನೇರವಾಗಿದೆ, ಬಾಡಿ ಓರೆಯಾಗಿ ಕೂತಿದೆ ಎಂದರ್ಥ. ಹಾಗಲ್ಲದೆ ಎಡಗಡೆಯ ಅಳತೆಯೇ ಅಷ್ಟು ಕಡಿಮೆ ಬಂದರೆ ಆಕ್ಸಲನ್ನು ಹಿಡಿದಿರುವ ಕೈಗಳನ್ನು ಮೊದಲು ಸರಿಪಡಿಸಬೇಕು. ಕಮಾನು ಅಂದವಾಗಿ ಕಾಣಲೆಂದು ನೇರವಾಗಿರುವ ಆಕ್ಸಲನ್ನು ಎಂದಿಗೂ ಓರೆ ಮಾಡಬೇಡಿ, ಕಾರು ಏಡಿಯಂತೆ ಅಡ್ಡಡ್ಡ ಓಡುತ್ತದೆ.

ಬಾಡಿಯೇ ಓರೆಯಾಗಿದ್ದರೆ ಅದನ್ನು ಚಾಸಿಗೆ ಬಿಗಿದಿರುವ ಮುಂದಿನ, ಹಿಂದಿನ ಮತ್ತು ಪಕ್ಕದ ಹಿಡಿತಗಳನ್ನೆಲ್ಲ ಸಡಿಲಿಸಿ, ಚಾಸಿಯ ನಡುಗೆರೆಯನ್ನು ನೆಲದ ಮೇಲೆ ಟೇಪಿನಿಂದ ಎಳೆದು, ಬಾಡಿಯ ಮೂಗಿನ ಮತ್ತು ಬಾಲದ ನಡುವನ್ನು ತೂಗುಗುಂಡಿನಿಂದ ಆ ಗೆರೆಗೆ ಹೊಂದಿಸಿ. ನಾನು ಹಿಂದಿನ ಕಮಾನುಗಳಿಂದ ಆರಂಭಿಸಿ ಮುಂದಕ್ಕೆ ಬರುತ್ತೇನೆ. ಹಿಂದಿನ ಚಕ್ರ ತಿರುಗುವುದಿಲ್ಲವಾದ್ದರಿಂದ ಅಲ್ಲಿನ ದೋಷ ಸದಾ ಕಣ್ಣಿಗೆ ಬೀಳುತ್ತದೆ, ಮುಂದೆ ಎರಡು ಮೂರು ಮಿ.ಮೀ. ಹೆಚ್ಚುಕಡಿಮೆಯನ್ನು ಯಾರೂ ಗುರುತಿಸುವುದಿಲ್ಲ. ಚಾಸಿಗೆ ಬಿಗಿದ ಅಲ್ಯೂಮಿನಿಯಂ ಹಲಗೆಗಳ ಅಂಚಿಗೆ ಹಾಕುವ ರಬ್ಬರಿನ ಉಬ್ಬುಪಟ್ಟಿಯನ್ನು ಅಳತೆಗೆ ಮೊದಲೇ ಹಾಕಿರಬೇಕು. ಬಾಡಿ ಆ ಪಟ್ಟಿಯ ಮೇಲೆ ಒರಗುತ್ತದೆ. ಕೊನೆಗೆ ಹಾಕಿದರೆ ಅದು ಬಾಡಿಯನ್ನು ಕೆಲವು ಮಿ.ಮೀ. ಎತ್ತಿ ನಿಮ್ಮ ಕೆಲಸವನ್ನೆಲ್ಲ ಕೆಡಿಸುತ್ತದೆ.

ಬಾಗಿಲುಗಳ ವಿಷಯದಲ್ಲಿ ನೀವು ಕೊಟ್ಟ ಅಳತೆಯೇ ಒಂದು ಸುಳಿವು. ಒಂದೇ ಬಾಗಿಲಿನಲ್ಲಿ ಹೀಗಿದ್ದರೆ ಕೀಲುಗಳನ್ನು ಅನುಮಾನಿಸುತ್ತಿದ್ದೆ. ಎರಡರಲ್ಲೂ ಮೇಲೆ ಅಗಲ, ಕೆಳಗೆ ಕಿರಿದು ಆಗಿರುವುದರಿಂದ ಬಾಡಿಯ ಬಾಲ ಕೆಳಕ್ಕೆ ಜೋತುಬಿದ್ದಿರುವ ಸಾಧ್ಯತೆಯೇ ಹೆಚ್ಚು. ಚಾವಣಿಯಿಲ್ಲದ ಈ ಬಾಡಿಯಲ್ಲಿ ಬಾಲ ಇಳಿದರೆ ಬಾಗಿಲಿನ ತೆರಪು ಮೇಲ್ಭಾಗದಲ್ಲಿ ಬಾಯಿಬಿಡುತ್ತದೆ. ಡಿಕ್ಕಿಯ ಕೆಳಗೆ ಮರದ ಹಲಗೆಯಿಟ್ಟು ಜಾಕಿನಿಂದ ಸ್ವಲ್ಪ ಸ್ವಲ್ಪವೇ ಎತ್ತುತ್ತ ಸಂದನ್ನು ಗಮನಿಸಿ. ಮೇಲಿನ 9 ಇಳಿಯುತ್ತ ಬಂದರೆ ಬಾಡಿಯ ಹಿಂದಿನ ಹಿಡಿತದ ಕೆಳಗೆ, ಎತ್ತಿದಷ್ಟೇ ದಪ್ಪದ ಷಿಮ್ (ತೆರಪು ತುಂಬುವ ತೆಳು ಬಿಲ್ಲೆ) ಇಟ್ಟುಬಿಡಿ. ಅದಾದ ಮೇಲೂ ಉಳಿಯುವ ವ್ಯತ್ಯಾಸವನ್ನು ಕೀಲುಗಳಲ್ಲಿ ತೆಗೆಯಬಹುದು: ಮೇಲಿನ ಕೀಲನ್ನು ಹಿಂದಕ್ಕೆ, ಕೆಳಗಿನದನ್ನು ಮುಂದಕ್ಕೆ ಸರಿಸಿದರೆ ಬಾಗಿಲಿನ ಹಿಂತುದಿ ಇಳಿದು ಸಂದು ಸಮವಾಗುತ್ತದೆ. ಚಿಲಕವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಹೊಂದಿಸಿ. ಚಿಲಕದಿಂದ ಬಾಗಿಲನ್ನು ಎಳೆದು ಸರಿಮಾಡಿದ ಸಂದು ಆರು ತಿಂಗಳೂ ಉಳಿಯುವುದಿಲ್ಲ.

ಗುರಿ ಸುತ್ತಲೂ 5 ಮಿ.ಮೀ. ಇರಲಿ. ಪ್ರೈಮರ್, ಬಣ್ಣ, ಮೇಲಿನ ಹೊಳಪು ಸೇರಿ ಎರಡೂ ಅಂಚುಗಳಲ್ಲಿ ಅರ್ಧ ಮಿ.ಮೀ.ವರೆಗೆ ತುಂಬಿಕೊಳ್ಳುತ್ತವೆ. ಕಿರಿದಾದ ಕಡೆ ಉಪ್ಪುಕಾಗದ ಸುತ್ತಿದ ಮರದ ಪಟ್ಟಿಯಿಂದ ಉಜ್ಜಿ ತೆಗೆಯಿರಿ. ಅಗಲವಾದ ಕಡೆ ಫೈಬರ್ ಗ್ಲಾಸಿಗೆಂದೇ ಮಾಡಿದ, ಎಳೆ ಬೆರೆಸಿದ ರೆಸಿನ್ ಹಚ್ಚಿ ಅಂಚನ್ನು ಬೆಳೆಸಿ. ಟಿಂಕರಿಂಗ್ ಅಂಗಡಿಯ ಸಾಮಾನ್ಯ ಪುಟ್ಟಿಯನ್ನು ಅಂಚುಗಳಿಗೆ ಹಚ್ಚಬೇಡಿ, ಬಾಗಿಲು ಬಡಿದ ಏಟಿಗೇ ಅದು ಚಕ್ಕೆಯೇಳುತ್ತದೆ. ಮೂಲ ಕಾರುಗಳ ಅಲ್ಯೂಮಿನಿಯಂ ಬಾಡಿಗಳು ಕೈಕೆಲಸದವು, ಅವುಗಳ ಎಡ ಬಲಗಳೂ ಪೂರ್ತಿ ಒಂದೇ ಸಮ ಇರಲಿಲ್ಲ. ಆದ್ದರಿಂದ ಅರ್ಧ ಮಿ.ಮೀ. ವ್ಯತ್ಯಾಸಕ್ಕೆ ನಿದ್ದೆಗೆಡಬೇಡಿ.

ಬಣ್ಣಕ್ಕೆ ಕಳಿಸುವ ಮುಂಚೆ ಬಾಡಿಯನ್ನು ಕೆಲವು ವಾರ ಬಿಸಿಲಿನಲ್ಲಿ, ಚಾಸಿಯ ಮೇಲೆ ಬಿಗಿದ ಸ್ಥಿತಿಯಲ್ಲೇ ಇಡಿ. ಹೊಸ ಫೈಬರ್ ಗ್ಲಾಸ್ ಕುಗ್ಗುವುದಿದ್ದರೆ ಬಣ್ಣದ ಕೆಳಗೆ ಕುಗ್ಗುವ ಬದಲು ಆಗಲೇ ಕುಗ್ಗಲಿ. ಆಮೇಲೆ ಬಾಡಿ ಮತ್ತು ಚಾಸಿ ಸೇರುವ ನಾಲ್ಕು ಮರೆಯಾದ ಜಾಗಗಳಲ್ಲಿ, ಎರಡನ್ನೂ ಸೇರಿಸಿ, 6 ಮಿ.ಮೀ. ರಂಧ್ರ ಕೊರೆಯಿರಿ. ಪ್ರತಿಯೊಂದು ಷಿಮ್ಮನ್ನೂ ಅದು ಯಾವ ಜಾಗದ್ದೆಂದು ಬರೆದ ಚೀಟಿಯೊಂದಿಗೆ ಬೇರೆ ಬೇರೆ ಪೊಟ್ಟಣದಲ್ಲಿ ಹಾಕಿಡಿ. ಬಣ್ಣ ಮುಗಿದು ಬಾಡಿ ಹಿಂದಿರುಗಿದಾಗ ಆ ನಾಲ್ಕು ರಂಧ್ರಗಳಲ್ಲಿ ಪಿನ್ನು ತೂರಿಸಿದರೆ ಅದು ತನ್ನ ಹಳೆಯ ಜಾಗಕ್ಕೇ ಬಂದು ಕೂರುತ್ತದೆ.