ಸಾಕ್ಷಿ ಹೇಳಲಾಗದವರ ಪ್ರಾರ್ಥನೆ

ಕೊಡಗಿನಲ್ಲಿ ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ ತಿಂಗಳ, ಮಳೆ ಹಿಡಿಯಿತೆಂದರೆ ಒಂದೇ ಬಗೆಯ ದುಃಖ ಹೊತ್ತವರು ಆಪ್ತಸಲಹೆಗಾಗಿ ನನ್ನಲ್ಲಿಗೆ ಬರತೊಡಗುತ್ತಾರೆ. 2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಜೋಡುಪಾಲ ಮತ್ತು ಹಟ್ಟಿಹೊಳೆಯ ಕಡೆ ಗುಡ್ಡಗಳು ಕುಸಿದವು. ಮರುವರ್ಷ ತೋರ, ಅದರ ಮರುವರ್ಷ ಬ್ರಹ್ಮಗಿರಿ. ಹೀಗೆ ಬರುವವರಲ್ಲಿ ಕ್ರೈಸ್ತ ವಿಶ್ವಾಸಿಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಅವರಲ್ಲಿ ಒಬ್ಬರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಆಕೆ ಐವತ್ತು ದಾಟಿದ ಕಥೋಲಿಕ ಮಹಿಳೆ. ಪತಿ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದರು. ಮನೆಯನ್ನೂ ಅವರನ್ನೂ ಒಂದೇ ಬೆಳಿಗ್ಗೆ ಕಳೆದುಕೊಂಡ ಆಕೆ ಮಗಳ ಮನೆಯಲ್ಲಿದ್ದರು. ಜಪಮಾಲೆ ಮುಟ್ಟುವುದಿಲ್ಲ, ಪ್ರಾರ್ಥನಾಕೂಟಕ್ಕೆ ಬರುವುದಿಲ್ಲ, ಅಮ್ಮನ ವಿಶ್ವಾಸವೇ ಹೋಗಿಬಿಟ್ಟಿದೆ ಎಂದು ಕರೆತಂದವಳು ಮಗಳು. ಮೊದಲೆರಡು ಭೇಟಿಗಳು ನಿದ್ರೆಯ ವಿಚಾರದಲ್ಲೇ ಕಳೆದವು. ಶೀಟಿನ ಮೇಲೆ ಮಳೆ ಬಿದ್ದರೆ ಆಕೆ ಎದ್ದು ಕೂರುತ್ತಿದ್ದರು, ಬೆಳಗಾಗುವವರೆಗೆ ಹಾಗೆಯೇ ಇರುತ್ತಿದ್ದರು. ಇದಕ್ಕೆ ಮನೋವೈದ್ಯರನ್ನು ಕಾಣಲೇಬೇಕೆಂದು ಹೇಳಿ ಕಳುಹಿಸಿದೆ. ಔಷಧಿ ತೆಗೆದುಕೊಳ್ಳುವುದು ವಿಶ್ವಾಸದ ಕೊರತೆಯಲ್ಲವೆಂಬುದನ್ನು ತಾಯಿಗಿಂತ ಹೆಚ್ಚಾಗಿ ಮಗಳಿಗೆ ಬಿಡಿಸಿ ಹೇಳಬೇಕಾಯಿತು.

ಮೂರನೆಯ ಭೇಟಿಯಲ್ಲಿ ಆಕೆ ಬಹಳ ಹೊತ್ತು ಸೆರಗಿನ ಅಂಚನ್ನು ಮಡಿಸುತ್ತ, ಬಿಡಿಸುತ್ತ ಕುಳಿತಿದ್ದರು. ಕೊನೆಗೆ, ಪಾಪನಿವೇದನೆಯಲ್ಲಿಯೂ ಹೇಳದಿದ್ದ ಒಂದು ಮಾತನ್ನು ಹೇಳಿದರು. ಅವರಿದ್ದ ಇಳಿಜಾರಿನಲ್ಲಿಯೇ ಕೆಳಗಿದ್ದ ಇನ್ನೊಂದು ಮನೆ ಉಳಿದಿತ್ತು. ಆ ಮನೆಯವರು ಪ್ರಾರ್ಥನಾಕೂಟದಲ್ಲಿ ಎದ್ದು ನಿಂತು, ದೇವರು ತಮ್ಮ ಮೇಲೆ ಕೈಯಿಟ್ಟು ಕಾಪಾಡಿದರೆಂದು ಕಣ್ಣೀರಿಟ್ಟು ಸಾಕ್ಷಿ ಹೇಳಿದ್ದರು. ಎಲ್ಲರೂ ಅಲ್ಲೇಲೂಯ ಎಂದರು.

"ಮೇಡಂ, ಆ ಕೈ ನಮ್ಮ ಮನೆಗೆ ಯಾಕೆ ಬರಲಿಲ್ಲ ಅಂತ ನನಗೆ ಅನಿಸಿತು. ಹಾಗೆ ಅನಿಸಿದ್ದು ಅವರ ಮೇಲಿನ ಹೊಟ್ಟೆಕಿಚ್ಚಾ? ದೇವರ ಮೇಲೆ ಕೋಪ ಇಟ್ಟುಕೊಂಡು ಜಪಮಾಲೆ ಹಿಡಿದರೆ ಅದು ಸುಳ್ಳಲ್ಲವಾ?"

ವಿಶ್ವಾಸ ಹೋದವರು ಇಂಥ ಪ್ರಶ್ನೆ ಕೇಳುವುದಿಲ್ಲ. ದೇವರಿಲ್ಲವೆಂದುಕೊಂಡವರಿಗೆ ದೇವರ ಮುಂದೆ ಸುಳ್ಳಾಡುವ ಭಯವೆಲ್ಲಿಂದ ಬಂದೀತು? ಇದನ್ನೇ ಆಕೆಗೆ ಹೇಳಿದೆ. ಬಳಿಕ ಬೈಬಲಿನ ಕೀರ್ತನೆಗಳ ಪುಸ್ತಕದ 88ನೆಯದನ್ನು ತೆರೆದು ಕೊಟ್ಟೆ. ನೊಂದವರ ಬೇರೆ ಕೀರ್ತನೆಗಳು ಸಾಮಾನ್ಯವಾಗಿ ಕೊನೆಯಲ್ಲಿ ಭರವಸೆಯ ಕಡೆಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲಿಯೇ ನಿಲ್ಲುತ್ತದೆ. ಆದರೂ ಅದನ್ನು ಪವಿತ್ರ ಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ರಾತ್ರಿ ಎಚ್ಚರವಾದಾಗ ಇದನ್ನು ಗಟ್ಟಿಯಾಗಿ ಓದಿ, ಮುಂದಕ್ಕೆ ನಿಮ್ಮದೇ ಮಾತಿನಲ್ಲಿ ಹೇಳಬೇಕಾದುದನ್ನು ದೇವರಿಗೇ ಹೇಳಿ ಎಂದೆ. ಚರ್ಚಿನಲ್ಲಿ ಭಾನುವಾರದ ಬಲಿಪೂಜೆಯನ್ನು ಬಿಡಬೇಡಿ, ಹಿಂದಿನ ಬೆಂಚಿನಲ್ಲಿ ಕೂರಿ, ಹಾಡಲಾಗದಿದ್ದರೆ ಹಾಡಬೇಡಿ. ಆ ಹೊತ್ತು ನಿಮ್ಮ ಪರವಾಗಿ ಉಳಿದವರು ಹಾಡುತ್ತಾರೆ. ಸಾಕ್ಷಿ ಹೇಳುವ ಕೂಟಕ್ಕೆ ಮಾತ್ರ ಸದ್ಯಕ್ಕೆ ಹೋಗುವುದು ಬೇಡ.

ಈ ಸಲಹೆಗೆ ಆಕ್ಷೇಪ ಬಂತು. ದುಃಖದಲ್ಲಿರುವವರನ್ನು ದೇವರ ವಿರುದ್ಧ ಎತ್ತಿಕಟ್ಟುತ್ತಿದ್ದೀರೆಂದು ಸಭೆಯ ಹಿರಿಯರೊಬ್ಬರು ನೊಂದುಕೊಂಡೇ ನನ್ನಲ್ಲಿ ಹೇಳಿದರು. ಅವರ ಕಾಳಜಿ ನಿಜವಾದದ್ದು, ಆದರೂ ನಾನು ಸಲಹೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಬೈಬಲಿನಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತಿದ್ದಷ್ಟು ಕಾಲ ಒಳ್ಳೆಯದನ್ನೇ ಮಾಡಿದರು. ಬಾಯಿ ತೆರೆದು, ಇದು ನಿನ್ನ ಪಾಪದ ಫಲವೆಂದು ದೇವರ ಪರವಾಗಿ ವಾದಿಸತೊಡಗಿದ ಮೇಲೆ ಕೆಟ್ಟಿತು. ಕೊನೆಯಲ್ಲಿ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ತನ್ನ ವಿಷಯದಲ್ಲಿ ಸರಿಯಾದುದನ್ನು ಆಡಿದವನು ಯೋಬನೆಂದು ಹೇಳಿದರು, ಅಷ್ಟೆಲ್ಲ ದೂರಿದ್ದ ಯೋಬನೆಂದು. ಲೂಕನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಗೋಪುರ ಕುಸಿದು ಸತ್ತ 18 ಮಂದಿಯ ಪ್ರಸ್ತಾಪವಿದೆ. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲವೆಂದು ಯೇಸುವೇ ಸ್ಪಷ್ಟವಾಗಿ ಹೇಳುತ್ತಾರೆ. ನಮ್ಮ ಗುಡ್ಡಗಳು ಕುಸಿದದ್ದು ಅತಿಮಳೆಯಿಂದ ಮತ್ತು ರಸ್ತೆಗೆ, ಕಟ್ಟಡಗಳಿಗೆ ನಾವು ಇಳಿಜಾರನ್ನು ಕಡಿದ ರೀತಿಯಿಂದ. ಇದು ದೈವಚಿತ್ತ, ಇದು ಪರೀಕ್ಷೆ ಎಂದು ಸಾವಿನ ಮನೆಯ ಅಂಗಳದಲ್ಲಿ ನಿಂತು ಹೇಳುವವರು ಈ ಭಾಗವನ್ನು ಒಮ್ಮೆ ಓದಿ ಹೊರಡಲಿ ಎಂದು ನಾನು ಬೇಡಿಕೊಳ್ಳುತ್ತೇನೆ. ಅನ್ನದ ಪಾತ್ರೆಯೊಂದನ್ನು ತಲುಪಿಸಿ ಸುಮ್ಮನೆ ಕುಳಿತರೆ ಸಾಕು.

ಎರಡು ತಿಂಗಳ ಬಳಿಕ ಬಂದಾಗ ಆಕೆಗೆ ನಾಲ್ಕೈದು ಗಂಟೆ ನಿದ್ರೆ ಬರುತ್ತಿತ್ತು. ಕೀರ್ತನೆಯನ್ನು ಪೂರ್ತಿ ಓದಲು ಆಗಿರಲಿಲ್ಲ. ಮೂರನೆಯ ಸಾಲಿಗೇ ತಮ್ಮ ಮಾತು ಶುರುವಾಗಿ, ಅರ್ಧ ಗಂಟೆ ದೇವರೊಡನೆ ಜಗಳವಾಡಿದೆನೆಂದರು. "ಮುಗಿಸುವಾಗ ಆಮೆನ್ ಹೇಳಬೇಕಾ ಅಂತ ಗೊತ್ತಾಗಲಿಲ್ಲ ಮೇಡಂ. ಹೇಳಲಿಲ್ಲ. ನಂದು ಇನ್ನೂ ಮುಗಿದಿರಲಿಲ್ಲ."

ಮುಂದಿನ ಕಕ್ಕಡದ ಮೊದಲ ವಾರಕ್ಕೆ ಒಂದು ಭೇಟಿಯನ್ನು ಈಗಲೇ ಗೊತ್ತುಮಾಡಿಕೊಂಡಿದ್ದೇವೆ.